ಎತ್ತಿಕೊಡುವವರು

ನಮ್ಮೂರಿನಿಂದ ಹೊರದೇಶಕ್ಕೆ ಹೊರಟವರ ಕೈಪೆಟ್ಟಿಗೆಯನ್ನು, ಅವರ ಮೇಲೆ ಎಲ್ಲರಿಗಿಂತ ಹೆಚ್ಚು ಹೊಟ್ಟೆಕಿಚ್ಚು ಇರುವವರೇ ಎತ್ತಿ ಕೈಗೆ ಕೊಡಬೇಕು. ಇಲ್ಲದಿದ್ದರೆ ವಿಮಾನ ಏಳುವುದಿಲ್ಲ. ಓಡುತ್ತದೆ, ಮೂತಿ ಎತ್ತುತ್ತದೆ, ಕೊನೆಗೆ ಬಿಸಿಲಿಗೆ ಬಸವಳಿದ ಎಮ್ಮೆಯ ಹಾಗೆ ಅಲ್ಲೇ ಕುಕ್ಕರಿಸುತ್ತದೆ. ಒಳನಾಡಿನ ವಿಮಾನಗಳಿಗೆ ಈ ರಗಳೆ ಇಲ್ಲ. ಪಕ್ಕದ ಪಟ್ಟಣಕ್ಕೆ ಹೋಗಿ ಬರುವವರನ್ನು ಕಂಡು ಯಾರು ತಾನೇ ಎಷ್ಟು ಉರಿದಾರು? ಸಮುದ್ರ ದಾಟುವವರದ್ದೇ ತೊಂದರೆ. ಹಾಗಾಗಿ ವಿಮಾನದವರು ನಿಲ್ದಾಣದ ಮಹಡಿಯ ಮೇಲೆ ದೊಡ್ಡದೊಂದು ಕೋಣೆ ಮಾಡಿ, ಮೆತ್ತನೆಯ ಕುರ್ಚಿ ಹಾಕಿಸಿ, ತಿನ್ನುವುದಕ್ಕೂ ಕುಡಿಯುವುದಕ್ಕೂ ಧಾರಾಳವಾಗಿ ಇಟ್ಟು, ಬಾಗಿಲಿಗೆ ಬಿಸಿನೆಸ್ ಲೌಂಜ್ ಎಂದು ಬೋರ್ಡು ತಗಲಿಸಿದರು. ಬೇರೆ ಊರುಗಳಲ್ಲಿ ಅಂಥ ಕೋಣೆಯೊಳಗೆ ಕೋಟು ತೊಟ್ಟ ವ್ಯಾಪಾರಸ್ಥರು ಕೂರುತ್ತಾರಂತೆ. ನಮ್ಮಲ್ಲಿ ಹೊರಡುವವರೂ ಅವರನ್ನು ಕಂಡು ಉರಿಯುವವರೂ ಎದುರುಬದುರು ಕೂರುತ್ತಾರೆ. ಉರಿಯುವವರ ಕೈಗೆ ಆ ಪೆಟ್ಟಿಗೆ ಭಾರ, ಉರಿ ಇಳಿದಂತೆಲ್ಲ ಹಗುರ, ಅದಕ್ಕೇ ಇಷ್ಟು ಉಪಚಾರ.

ಹೊಟ್ಟೆಕಿಚ್ಚಿನವರು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎತ್ತಿಕೊಡುವವರು ಎನ್ನುತ್ತೇವೆ. ಎತ್ತಿಕೊಡುವುದಕ್ಕೆ ಕರೆದರೆ ಅವಮಾನವೋ ಮರ್ಯಾದೆಯೋ ಎಂಬುದು ಇನ್ನೂ ನಮ್ಮೂರಿನಲ್ಲಿ ತೀರ್ಮಾನವಾಗಿಲ್ಲ. ಡ್ರಾಯಿಂಗ್ ಮೇಷ್ಟರೊಬ್ಬರು ತಮ್ಮ ಜೊತೆಯವರನ್ನೆಲ್ಲ ಕಳಿಸಿಕೊಟ್ಟು ಲೌಂಜಿನ ಗೋಡಂಬಿ ತಿಂದು ತಿಂದೇ ದಪ್ಪಗಾದರು. ಸಹಕಾರ ಸಂಘದ ಗುಮಾಸ್ತನೊಬ್ಬನಿಗೆ ಕರೆಯಲು ಯಾರೂ ಸಿಗಲಿಲ್ಲ. ತನ್ನ ಮೇಲೆ ಉರಿಯುವವರು ಊರಿನಲ್ಲಿ ಒಬ್ಬರೂ ಇಲ್ಲ ಎಂದು ಗೊತ್ತಾಗಿ ಅವನು ಟಿಕೆಟ್ ಕೌಂಟರಿನ ಮುಂದೆಯೇ ಅತ್ತುಬಿಟ್ಟ. ಪೆಟ್ಟಿಗೆಯನ್ನು ಕಾವಲುಗಾರನೇ ಎತ್ತಿಕೊಟ್ಟು ಕಳಿಸಿದ. ವಿಮಾನವೇನೋ ಗಾಳಿಪಟದಂತೆ ಎದ್ದುಹೋಯಿತು, ಆದರೆ ಅವನ ಮನೆಯವರು ಬಹಳ ದಿನ ತಲೆ ತಗ್ಗಿಸಿಕೊಂಡೇ ಓಡಾಡಿದರು.

ನನ್ನ ಹೆಸರು ನಾಗವೇಣಿ. ಚಂಪಾವತಿ ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ನಾವಿಬ್ಬರೂ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದೇವೆ. ಅಳತೆ ತೆಗೆದು ಬಟ್ಟೆ ಕತ್ತರಿಸುವುದು, ಮಿಷನ್ನಿನ ಮೇಲೆ ಹೊಲಿಯುವುದು ನನ್ನ ಕೆಲಸ. ಕೈಹೊಲಿಗೆ ಅವಳದು. ಅಂಚು ಮಡಿಸುವುದು, ಹುಕ್ಕು ಹಾಕುವುದು, ಕಾಜಾ ತೆಗೆಯುವುದು, ಹರಿದುಹೋದ ಜರಿಯನ್ನು ಹರಿದೇ ಇಲ್ಲವೆಂಬಂತೆ ಕೂಡಿಸುವುದು. ಊರಿನವರೆಲ್ಲ ನಾಗವೇಣಿಯ ಅಂಗಡಿ ಎಂದೇ ಹೇಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಕತ್ತರಿ ಹಿಡಿದವಳದ್ದೇ ಅಂಗಡಿ, ಹುಕ್ಕು ಹಾಕುವವಳು ನನ್ನ ಕೈಕೆಳಗಿನವಳು ಎಂಬ ಬಿಂಕ ನನಗಿತ್ತು. ಚಂಪಾ ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ನನ್ನ ಮೇಜಿನ ಎದುರು ಮಣೆ ಹಾಕಿಕೊಂಡು ಕೂತು, ಸೂಜಿ ಓಡಿಸುತ್ತ, ಮನಸ್ಸಿಗೆ ಬಂದದ್ದನ್ನೆಲ್ಲ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಒಬ್ಬಳು ಹೊರದೇಶದ ಹೆಂಗಸು ನಮ್ಮೂರಿಗೆ ಬಂದಳು. ಅವಳ ದೇಶದಲ್ಲಿ ದೊಡ್ಡದೊಂದು ನಾಟಕ ಕಂಪನಿಯಂತೆ, ಆ ಕಂಪನಿಯ ಉಡುಪು ಹೊಲಿಸುವುದೆಲ್ಲ ಇವಳ ಕೈಯಲ್ಲಂತೆ. ಯಾರದೋ ಮದುವೆಮನೆಯಲ್ಲಿ ನಮ್ಮ ಅಂಗಡಿಯ ರವಿಕೆ ನೋಡಿ ಹುಡುಕಿಕೊಂಡು ಬಂದಿದ್ದಳು. ನಾನು ಕುರ್ಚಿ ಒರೆಸಿ ಕೂರಿಸಿದೆ, ತೋಳಿನ ಕಟ್ಟಿಂಗು ತೋರಿಸಿದೆ, ಬೆನ್ನಿನ ತಿರುವು ತೋರಿಸಿದೆ. ಅವಳು ಎಲ್ಲದಕ್ಕೂ ನಗುತ್ತ ತಲೆಯಾಡಿಸಿದಳು. ಆಮೇಲೆ ರವಿಕೆಯನ್ನು ಒಳಮಗ್ಗುಲಾಗಿ ತಿರುಗಿಸಿ ಅಂಚಿನ ಮೇಲೆ ಬೆರಳಾಡಿಸಿದಳು. ಎಷ್ಟು ಹುಡುಕಿದರೂ ಹೊಲಿಗೆ ಸಿಗಲಿಲ್ಲ. ಇದು ಯಾರು ಮಾಡಿದ್ದು ಎಂದು ಕೇಳಿದಳು. ನಾನೇ ಚಂಪಾಳ ಕಡೆಗೆ ಕೈ ತೋರಿಸಬೇಕಾಯಿತು.

ಮಳೆಗಾಲದ ಹೊತ್ತಿಗೆ ಫೋನು ಬಂತು. ಆರು ತಿಂಗಳು ಬಂದು ಅವರ ಹುಡುಗಿಯರಿಗೆ ಕೈಹೊಲಿಗೆ ಹೇಳಿಕೊಡಬೇಕು, ಹೋಗಿ ಬರುವುದು, ಊಟ, ವಸತಿ ಎಲ್ಲ ಅವರದೇ ಎಂದು. ಚಂಪಾ ನನ್ನ ಹೆಸರನ್ನೂ ಹೇಳಿ ನೋಡಿದಳಂತೆ. ಕಟ್ಟಿಂಗಿಗೆ ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ ಎಂದರಂತೆ. ಅದನ್ನು ಅವಳು ನನಗೆ ಬಹಳ ಸಂಕೋಚಪಟ್ಟುಕೊಂಡು ಹೇಳಿದಳು. ನಾನು ನಕ್ಕು ಅವಳ ಬಾಯಿಗೆ ಸಕ್ಕರೆ ಹಾಕಿದೆ. ಬೇಕಾದಷ್ಟು ಜನ ಇದ್ದಾರೆ ಎಂಬ ಆ ಮಾತು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು.

ಅವತ್ತಿನಿಂದ ನನಗೆ ಅವಳು ಏನು ಮಾಡಿದರೂ ಆಗುತ್ತಿರಲಿಲ್ಲ. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದಳು, ಫೋಟೋದಲ್ಲಿ ಚೆನ್ನಾಗಿಯೇ ಬಂದಿದ್ದಳು, ಹೊಟ್ಟೆ ಉರಿಯಿತು. ಆ ದೇಶದ ಮಾತು ಕಲಿಯಲು ಹೊರಟು, ಈರುಳ್ಳಿ ಹೆಚ್ಚುತ್ತ ನಮಸ್ಕಾರ, ಉಪಕಾರವಾಯಿತು ಎಂಬುದನ್ನೆಲ್ಲ ಆ ಭಾಷೆಯಲ್ಲಿ ಒಪ್ಪಿಸತೊಡಗಿದಳು, ಹೊಟ್ಟೆ ಉರಿಯಿತು. ಹೊಳೆಯ ಸೇತುವೆ ದಾಟಿ ಆಚೆಗೆ ಹೋಗದವಳು ಸಮುದ್ರ ಮೇಲಿನಿಂದ ನೋಡಿದರೆ ಯಾವ ಬಣ್ಣ ಇರುತ್ತದೆ ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು? ನೀಲಿ ಎಂದೆ. ಅವಳು ಅದನ್ನೂ ನಂಬಿ ಖುಷಿಪಟ್ಟಳು. ಯೋಗ್ಯತೆ ಇಲ್ಲದವರಿಗೆ ಅದೃಷ್ಟ ಬಂದರೆ ನಾಲ್ಕು ಜನರ ಮುಂದೆ ಆಡಿಕೊಂಡು ಹಗುರಾಗಬಹುದು. ಇವಳಿಗೆ ಯೋಗ್ಯತೆ ಇತ್ತು. ಅವಳ ಕೈಹೊಲಿಗೆಯ ಮುಂದೆ ನನ್ನ ಕತ್ತರಿ ಏನೂ ಅಲ್ಲ ಎಂಬುದು ಆ ಬಿಳಿ ಹೆಂಗಸಿಗಿಂತ ಎಷ್ಟೋ ಮೊದಲೇ ನನಗೆ ಗೊತ್ತಿತ್ತು. ಅದಕ್ಕೇ ಆ ಉರಿ ಹೊರಗೆ ಹೋಗುವುದಕ್ಕೆ ದಾರಿಯೇ ಇರಲಿಲ್ಲ.

ಹೊರಡುವ ದಿನ ಹತ್ತಿರವಾದಂತೆ ಎತ್ತಿಕೊಡುವುದಕ್ಕೆ ಯಾರನ್ನು ಕರೆಯುತ್ತಾಳೆ ಎಂಬ ಮಾತು ಮನೆಯಲ್ಲಿ ಎದ್ದಿತು. ಕರೆಯುವುದೆಂದರೆ ಸುಮ್ಮನೆ ಅಲ್ಲ. ಮದುವೆಗೆ ಕರೆದ ಹಾಗೆ ತಟ್ಟೆಯಲ್ಲಿ ಅರಿಸಿನ ಕುಂಕುಮ ವೀಳ್ಯ ಇಟ್ಟುಕೊಂಡು ಅವರ ಮನೆ ಬಾಗಿಲಿಗೆ ಹೋಗಿ, ನೀವೇ ಬಂದು ಕಳಿಸಿಕೊಡಬೇಕು ಎನ್ನಬೇಕು. ಕರೆಸಿಕೊಂಡವರು, ಅಯ್ಯೋ ನಾನ್ಯಾಕೆ ಎಂದು ಒಂದು ಸಲ ಅನ್ನಬೇಕು, ಆಮೇಲೆ ಒಪ್ಪಬೇಕು. ಅವಳು ತಟ್ಟೆ ಹಿಡಿದು ನನ್ನೆದುರು ನಿಲ್ಲುತ್ತಾಳೆಂದು ನನಗೆ ಖಾತ್ರಿಯಿತ್ತು. ಏನು ಹೇಳಬೇಕು, ಎಷ್ಟು ಮುಖ ಊದಿಸಿಕೊಳ್ಳಬೇಕು, ಯಾವಾಗ ಒಪ್ಪಬೇಕು ಎಲ್ಲ ಯೋಚಿಸಿಟ್ಟುಕೊಂಡು, ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಾಕಿದೆ. ಚಂಪಾ ತಟ್ಟೆಯಲ್ಲಿ ವೀಳ್ಯ ಜೋಡಿಸಿದಳು. ಅಕ್ಕಾ, ಒಂಚೂರು ಹೊರಗೆ ಹೋಗಿ ಬರ್ತೀನಿ ಎಂದು ನನ್ನ ಮುಂದೆಯೇ ಹಾದು, ಬೀದಿಗಿಳಿದು, ಹಿಟ್ಟಿನ ಗಿರಣಿಯ ಪಂಕಜಾಕ್ಷಮ್ಮನ ಮನೆಗೆ ಹೋದಳು.

ಪಂಕಜಾಕ್ಷಮ್ಮನಿಗೆ ಎಲ್ಲರನ್ನು ಕಂಡರೂ ಹೊಟ್ಟೆಕಿಚ್ಚು. ಎದುರು ಮನೆಯವರ ಕರಿಬೇವಿನ ಗಿಡ ಚಿಗುರಿದರೂ ಆಕೆಗೆ ಸಂಕಟ. ಅದನ್ನು ಬಾಯಿಬಿಟ್ಟು ಆಡುತ್ತಾಳೆ, ಆಡಿ ಮರೆಯುತ್ತಾಳೆ. ಅಂಥವಳಿಗೆ ಈ ಪಟ್ಟ! ಇಷ್ಟು ವರ್ಷ ಅವಳ ಎದುರಿಗೇ ಕೂತು, ಅವಳ ಬೆರಳುಗಳನ್ನೇ ನೋಡಿಕೊಂಡು, ಒಂದೆಳೆ ಹೊಗೆಯೂ ಹೊರಗೆ ಹೋಗದ ಹಾಗೆ ಉರಿದವಳು ನಾನು. ಮರ್ಯಾದೆ ಮಾತ್ರ ಗಿರಣಿಯವಳಿಗೆ. ಎತ್ತಿಕೊಡುವ ಯೋಗ್ಯತೆಯೂ ನನಗಿಲ್ಲವೇ ಎಂದು ನನಗೆ ಅಳುವೇ ಬಂತು. ಚಂಪಾಳ ಮೇಲಿದ್ದುದು ಸಾಲದು ಎಂಬಂತೆ ಪಂಕಜಾಕ್ಷಮ್ಮನ ಮೇಲೂ ಹೊಟ್ಟೆಕಿಚ್ಚು ಶುರುವಾಯಿತು. ಒಣಗಿದ ರೇಷ್ಮೆ ಸೀರೆಯನ್ನು ಮಡಿಸಿ ಒಳಗಿಟ್ಟೆ.

ಹೊರಡುವ ದಿನ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ವಿಮಾನ ನಿಲ್ದಾಣಕ್ಕೆ ಹೋದೆವು. ಚಂಪಾಳೂ ಪಂಕಜಾಕ್ಷಮ್ಮನೂ ಲೌಂಜಿನ ಮೆಟ್ಟಿಲು ಹತ್ತಿದರು. ನಾವು, ಅಂದರೆ ನನ್ನ ಗಂಡ, ಮೈದುನ ಮತ್ತು ನಾನು, ತಂತಿಬೇಲಿಯ ಹತ್ತಿರ ಬೀಳ್ಕೊಡುವವರ ಜೊತೆ ನಿಂತೆವು. ಸ್ವಲ್ಪ ಹೊತ್ತಿಗೇ ಪಂಕಜಾಕ್ಷಮ್ಮ ಬಾಯಿ ಒರೆಸಿಕೊಳ್ಳುತ್ತ ಇಳಿದು ಬಂದಳು. ಮೊದಲು ಒಂದಿಷ್ಟು ಭಾರ ಇತ್ತು, ಜಿಲೇಬಿ ತಿಂದ ಮೇಲೆ ಹೂವಿನಂತೆ ಎದ್ದಿತು ಎಂದಳು. ಒಳಗೆ ಏನೇನು ಇತ್ತು ಎಂದು ಒಂದೊಂದಾಗಿ ಹೇಳತೊಡಗಿದಳು. ನಾನು ಕೇಳಿಸಿಕೊಳ್ಳದವಳ ಹಾಗೆ ಬೇರೆ ಕಡೆ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡೆ.

ವಿಮಾನ ಹೊರಟಿತು. ಓಡಿತು, ಮೂತಿ ಎತ್ತಿತು, ಮೈದುನ ಕೈ ಬೀಸಿದ. ಆಮೇಲೆ ಅದು ಬಳಲಿದಂತೆ ಮೂತಿ ಇಳಿಸಿ, ಮೆಲ್ಲಗೆ ತಿರುಗಿ, ಬಂದ ದಾರಿಯಲ್ಲೇ ವಾಪಸು ಬಂತು. ಬೇಲಿಯ ಹತ್ತಿರ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಹೀಗಾದರೆ ಏನರ್ಥ ಎಂಬುದು ನಮ್ಮೂರಿನಲ್ಲಿ ಮಕ್ಕಳಿಗೂ ಗೊತ್ತು. ಯಾರೋ ಒಬ್ಬರು ತಪ್ಪು ಜನವನ್ನು ಕರೆತಂದಿದ್ದಾರೆ, ನಿಜವಾದ ಕಿಚ್ಚು ಬೇರೆ ಕಡೆ ಇದೆ. ನನಗೆ ನಾಚಿಕೆಯಾಯಿತು. ಆ ನಾಚಿಕೆಯ ಅಡಿಯಲ್ಲಿ, ಸುಳ್ಳೇಕೆ ಹೇಳಲಿ, ಪಂಕಜಾಕ್ಷಮ್ಮನದು ಸಾಲಲಿಲ್ಲವಲ್ಲ ಎಂಬ ಸಮಾಧಾನವೂ ಇತ್ತು.

ಲೌಂಜನ್ನು ನೋಡಿಕೊಳ್ಳುವಾಕೆ ಜೋಸ್ಫಿನ್ ಬಾಯಿ. ಬೂದುಬಣ್ಣದ ಸೀರೆ, ನರೆತ ಜಡೆ, ಯಾರ ಮೇಲೂ ದನಿ ಏರಿಸದ ಹೆಂಗಸು. ವಾಪಸು ಬಂದ ವಿಮಾನದಿಂದ ಹೊರದೇಶಕ್ಕೆ ಹೊರಟವರ ಕೈಪೆಟ್ಟಿಗೆಗಳನ್ನೆಲ್ಲ ಇಳಿಸಿಕೊಂಡು ಬೇಲಿಯ ಹತ್ತಿರ ತಂದು, ಅವರವರ ಕಡೆಯವರು ಒಂದೊಂದು ಸಲ ಎತ್ತಿ ನೋಡಿ ಎಂದಳು. ಉಳಿದವರದ್ದೆಲ್ಲ ಸಲೀಸಾಗಿ ಎದ್ದವು. ಚಂಪಾಳ ಹಸಿರು ಪೆಟ್ಟಿಗೆಯನ್ನು ಮೈದುನ ಒಂದು ಬೆರಳಲ್ಲಿ ಎತ್ತಿದ. ನನ್ನ ಗಂಡ ಎತ್ತಿ, ಇದರಲ್ಲಿ ಏನೂ ತುಂಬಿಯೇ ಇಲ್ಲವಲ್ಲ ಎಂದರು. ಪಂಕಜಾಕ್ಷಮ್ಮ ಮತ್ತೊಮ್ಮೆ ಎತ್ತಿ ತನ್ನ ತಪ್ಪಿಲ್ಲ ಎಂದು ತೋರಿಸಿದಳು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಹಿಡಿಗೆ ಕೈ ಹಾಕಿದೆ. ಒಳಗೆ ನಾಲ್ಕು ಸೀರೆ, ಎರಡು ಸ್ವೆಟರು, ಸೂಜಿದಾರದ ಡಬ್ಬಿ ಇದ್ದದ್ದು ನನಗೆ ಗೊತ್ತು, ತುಂಬುವಾಗ ಮಡಿಸಿಕೊಟ್ಟವಳೇ ನಾನು. ಎಳೆದೆ. ನೆಲದಲ್ಲಿ ಹೂತ ಒರಳುಕಲ್ಲಿನ ಹಾಗೆ ಅದು ಅಲುಗಲಿಲ್ಲ. ಎರಡೂ ಕೈ ಹಾಕಿ ಸೊಂಟ ಬಗ್ಗಿಸಿ ಎಳೆದೆ, ಬಳೆ ಒಡೆಯಿತು, ಪೆಟ್ಟಿಗೆ ಮಾತ್ರ ಅಲ್ಲೇ ಇತ್ತು. ನನ್ನ ಗಂಡ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ನಿಂತರು. ವಿಮಾನದ ಮೆಟ್ಟಿಲಿನಿಂದ ಇಳಿದು ಬಂದಿದ್ದ ಚಂಪಾ ಬೇಲಿಯ ಆಚೆಯಿಂದ ಇದನ್ನೆಲ್ಲ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ಸಿಟ್ಟಿನಿಂದ ಅಲ್ಲ, ಮನೆಯಲ್ಲಿ ಯಾರೋ ಸತ್ತ ಸುದ್ದಿ ಕೇಳಿದವರ ಹಾಗೆ.

ಹೀಗೆ ನಾನು ಲೌಂಜಿಗೆ ಹೋದದ್ದು. ಪೆಟ್ಟಿಗೆಯನ್ನು ಜೋಸ್ಫಿನ್ ಬಾಯಿಯೇ ತಂದು ನಮ್ಮಿಬ್ಬರ ನಡುವೆ ಇಟ್ಟಳು. ಕಾಲಿಟ್ಟರೆ ಹೂತುಹೋಗುವ ಜಮಖಾನ, ಸದ್ದೇ ಮಾಡದ ತಣ್ಣನೆಯ ಗಾಳಿ, ಒಂದು ಗೋಡೆ ಪೂರ್ತಿ ಗಾಜು. ಗಾಜಿನ ಆಚೆ ವಿಮಾನ ಬಾಗಿಲು ತೆರೆದುಕೊಂಡು ನಿಂತಿತ್ತು, ಒಳಗಿನ ಜನ ಕಾಗದದಿಂದ ಗಾಳಿ ಬೀಸಿಕೊಳ್ಳುವುದು ಸಣ್ಣಗೆ ಕಾಣುತ್ತಿತ್ತು. ಇತ್ತ ಮೇಜಿನ ಮೇಲೆ ಜಿಲೇಬಿ, ಕೇಕು, ಹೆಚ್ಚಿಟ್ಟ ಹಣ್ಣು, ಉಪ್ಪು ಹಚ್ಚಿದ ಗೋಡಂಬಿ, ಗುಂಡಿ ಒತ್ತಿದರೆ ಕಾಫಿ ಸುರಿಯುವ ಮಿಷನ್ನು. ಹೊರಡುವವರು ಪುಣ್ಯವಂತರು ಎನ್ನುವುದಕ್ಕೆ ಇಷ್ಟು ಸಾಕಾಗಿತ್ತು. ಇದನ್ನೆಲ್ಲ ಚಂಪಾ ಆಗಲೇ ಒಂದು ಸಲ ಅನುಭವಿಸಿಯಾಗಿದೆ, ಗಿರಣಿಯವಳ ಜೊತೆ ಕೂತು ತಿಂದಾಗಿದೆ ಎಂದು ನನಗೆ ಆಗಲೂ ಅನ್ನಿಸದೆ ಇರಲಿಲ್ಲ. ನನ್ನ ಹೊಟ್ಟೆ ಅಷ್ಟು ಕೆಟ್ಟಿತ್ತು.

ಸೂರ್ಯ ಮುಳುಗುವ ತನಕ ಕಾಯುತ್ತಾರೆ, ಆಮೇಲೆ ಇವರನ್ನು ಬಿಟ್ಟು ಹೊರಡುತ್ತಾರೆ ಎಂದಳು ಜೋಸ್ಫಿನ್ ಬಾಯಿ. ಹೆದರಬೇಡಿ, ಸಾಮಾನ್ಯವಾಗಿ ಒಂದು ಕಾಫಿಗೆ ಅರ್ಧ ಇಳಿಯುತ್ತದೆ, ಉಳಿದದ್ದು ಮಾತಾಡಿದರೆ ಇಳಿಯುತ್ತದೆ ಎಂದೂ ಹೇಳಿದಳು. ನಾನು ಕಾಫಿ ಕುಡಿದೆ. ಕೇಕು ತಿಂದೆ. ಜಿಲೇಬಿ ತಿನ್ನುವಾಗ ಪಂಕಜಾಕ್ಷಮ್ಮನ ನೆನಪಾಗಿ ಇನ್ನೊಂದು ಹೆಚ್ಚಿಗೆ ತಿಂದೆ. ಎದ್ದು ಹೋಗಿ ಪೆಟ್ಟಿಗೆ ಎಳೆದು ನೋಡಿದೆ. ಇದ್ದಲ್ಲೇ ಇತ್ತು.

ಚಂಪಾ ಏನೂ ತಿನ್ನಲಿಲ್ಲ. ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನಾನು ಬಂದು ಕೂತ ಮೇಲೆ ಹೇಳಿದಳು: "ನೀವು ಅಂತ ನಂಗೆ ಹೊಳೀಲೇ ಇಲ್ಲ ಅಕ್ಕಾ. ಯಾರ್ಯಾರದ್ದೋ ಮುಖ ನೆನಪು ಮಾಡ್ಕೊಂಡೆ. ನಿಮ್ಮದು ಬರಲೇ ಇಲ್ಲ. ಊರಲ್ಲಿ ಒಬ್ಬರಾದ್ರೂ ಖುಷಿಪಡೋರು ಇದ್ದಾರೆ ಅಂತ, ನಿಮ್ಮ ಹತ್ತಿರ ಮಾತ್ರ ಎಲ್ಲಾನೂ ಹೇಳ್ಕೋತಿದ್ದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಎರಡು ಮಾತು ನಾನೂ ಅಂದು, ಜಗಳವಾಡಿ, ಮೂಗು ಒರೆಸಿಕೊಂಡು ಮುಗಿಸಬಹುದಿತ್ತು. ಜೋಸ್ಫಿನ್ ಬಾಯಿ ಮೆಲ್ಲಗೆ, ಒಳಗಿರುವುದನ್ನು ಆಡಿಬಿಡಿ ಎಂದಳು. ಆಡಿದೆ. ಫೋಟೋದಲ್ಲಿ ಅವಳು ಚೆನ್ನಾಗಿ ಬಂದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಆ ಬಿಳಿ ಹೆಂಗಸು ರವಿಕೆ ತಿರುಗಿಸಿದಾಗ ಅವಳ ಬೆರಳಿಗೆ ಒಂದಾದರೂ ಹೊಲಿಗೆ ಸಿಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ ಎಂದೂ ಹೇಳಿದೆ. "ನಾನು ಕತ್ತರಿಸಿದ್ದು ಎಲ್ಲರ ಕಣ್ಣಿಗೂ ಕಾಣುತ್ತೆ ಕಣೇ, ನೀನು ಹೊಲಿದದ್ದು ಯಾರಿಗೂ ಕಾಣಲ್ಲ. ಆದ್ರೂ ಹುಡುಕಿಕೊಂಡು ಬಂದಿದ್ದು ನಿನ್ನನ್ನ. ನಂಗೆ ಅದನ್ನ ತಡಕೊಳ್ಳೋಕೆ ಆಗ್ಲಿಲ್ಲ" ಎಂದೆ. ಹೇಳುತ್ತ ಅಳುವೂ ಬಂತು, ಅತ್ತೂ ಆಯಿತು. ಅತ್ತ ಮೇಲೆ ಹಗುರಾದಂತೆ ಅನ್ನಿಸಿ ಎದ್ದು ಹೋಗಿ ಹಿಡಿಗೆ ಕೈ ಹಾಕಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಹೇಳಿಕೊಂಡರೆ ಹೋಗುವ ಕಿಚ್ಚೂ ಇರುತ್ತದೆ. ನನ್ನದು ಹಾಗಿರಲಿಲ್ಲ, ಅಷ್ಟೆ.

ಗಾಜಿನ ಆಚೆ ಬಿಸಿಲು ಹಳದಿಗೆ ತಿರುಗಿತ್ತು. ವಿಮಾನದ ಬಾಗಿಲಲ್ಲಿ ಯಾರೋ ಬಂದು ಗಡಿಯಾರ ನೋಡಿಕೊಂಡು ಒಳಗೆ ಹೋದರು. ಚಂಪಾ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕೈಯಲ್ಲಿ ಹಿಡಿದಿದ್ದ ಬೋರ್ಡಿಂಗ್ ಪಾಸನ್ನು ಮೇಜಿನ ಮೇಲಿಟ್ಟಳು.

"ಬಿಡಿ ಅಕ್ಕಾ, ನಾನು ಹೋಗಲ್ಲ" ಎಂದಳು. "ಮನೆಗೆ ಹೋಗೋಣ."

ಬೆದರಿಸುವ ದನಿಯಲ್ಲ, ನನ್ನ ಕರುಳು ಕಿವುಚಬೇಕೆಂದು ಆಡಿದ್ದೂ ಅಲ್ಲ. ಅವಳಿಗೆ ಆ ವಿದ್ಯೆ ಬರುವುದಿಲ್ಲ. ನಿಜವಾಗಿಯೂ ಬಿಟ್ಟುಬಿಟ್ಟಿದ್ದಳು. ಅವಳು ಹಾಗೆಂದದ್ದೇ ತಡ, ಹಿಡಿಯ ಮೇಲೆ ಇನ್ನೂ ಇದ್ದ ನನ್ನ ಕೈ ತಾನಾಗಿ ಮೇಲಕ್ಕೆ ಬಂತು. ಪೆಟ್ಟಿಗೆ ಎದ್ದಿತ್ತು. ಒಳಗೆ ಸೀರೆ ಸ್ವೆಟರು ಇರಲಿ, ಪೆಟ್ಟಿಗೆಯೇ ಇಲ್ಲವೇನೋ ಎನ್ನುವಷ್ಟು ಹಗುರ. ಜೋಸ್ಫಿನ್ ಬಾಯಿ ನೋಡಿ ಮುಖ ಬೇರೆ ಕಡೆಗೆ ತಿರುಗಿಸಿದಳು. ಚಂಪಾಳೂ ನೋಡಿದಳು. ನನಗೆ ಬೇಕಾಗಿದ್ದದ್ದು ಕಾಫಿಯಲ್ಲ, ಮಾತಲ್ಲ, ಸಮಾಧಾನವೂ ಅಲ್ಲ. ಅವಳು ಹೋಗದಿದ್ದರೆ ಸಾಕಾಗಿತ್ತು. ನಾನು ಬಾಯಿಬಿಟ್ಟು ಹೇಳದೆ ಉಳಿಸಿಕೊಂಡಿದ್ದ ಅದೊಂದನ್ನು ಆ ಪೆಟ್ಟಿಗೆ ನನ್ನ ಕೈಯಲ್ಲಿ ತೂಗಾಡುತ್ತ ಹೇಳಿಬಿಟ್ಟಿತು.

ಚಂಪಾ ಬಗ್ಗಿ ಶೂಗಳ ಲೇಸು ಬಿಚ್ಚತೊಡಗಿದಳು. ಆ ದೇಶದಲ್ಲಿ ಚಳಿಯೆಂದು ಹೊಸದಾಗಿ ತಂದ ಬೂಟು, ಹುಟ್ಟಿದ ಮೇಲೆ ಮೊದಲ ಸಲ ಹಾಕಿದ ಕಾಲುಚೀಲ. ಒಂದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಕೈಚೀಲದಿಂದ ಹಳೆಯ ಚಪ್ಪಲಿ ತೆಗೆದಳು. ಮದುವೆಮನೆಯವರ ರವಿಕೆಗಳಿಗೆ ಹುಕ್ಕು ಹಾಕುವುದು ಉಳಿದಿದೆ, ನಾಳೆ ಬೆಳಿಗ್ಗೆ ಕೂತರೆ ಮುಗಿಯುತ್ತದೆ, ನೀವು ಆ ಕೆಂಪು ಬಟ್ಟೆಯ ತೋಳು ಕತ್ತರಿಸಿ ಇಟ್ಟಿದ್ದೀರಾ ಎಂದು ಕೇಳಿದಳು. ದಿನವೂ ಕೇಳುವ ದನಿಯಲ್ಲೇ ಕೇಳಿದಳು. ನಾಳೆ ಅವಳು ಮಣೆ ಹಾಕಿಕೊಂಡು ನನ್ನೆದುರು ಕೂರುವುದು, ನಾನು ಕತ್ತರಿ ಆಡಿಸುತ್ತ ಸುಖವಾಗಿರುವುದು ನನ್ನ ಕಣ್ಣಿಗೆ ಕಟ್ಟಿತು. ಅವಳು ಈ ದಿನದ ಮಾತನ್ನು ಇನ್ನೆಂದೂ ಎತ್ತುವುದಿಲ್ಲ. ಸಮುದ್ರದ ಬಣ್ಣ ಕೇಳುವುದಿಲ್ಲ. ಮನಸ್ಸಿಗೆ ಬಂದದ್ದನ್ನು ನನ್ನ ಹತ್ತಿರ ಹೇಳಿಕೊಳ್ಳುವುದೂ ಇಲ್ಲ. ಸೂಜಿ ಓಡಿಸುತ್ತಾಳೆ, ಹೊಲಿಗೆ ಕಾಣುವುದಿಲ್ಲ, ಅಷ್ಟೆ.

"ಶೂ ಹಾಕ್ಕೋ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ಪೆಟ್ಟಿಗೆ ಹಿಡಿದುಕೊಂಡು ವಿಮಾನದ ಕಡೆಯ ಗಾಜಿನ ಬಾಗಿಲಿಗೆ ನಡೆಯತೊಡಗಿದೆ. ಹಿಂದಿನಿಂದ ಅವಳು, ಅಕ್ಕಾ, ಬಾಗಿಲು ಈ ಕಡೆ ಎಂದಳು. ನಾನು ತಿರುಗಲಿಲ್ಲ. "ಹಾಕ್ಕೊಂಡು ಬಾರೇ, ಹೊತ್ತಾಗುತ್ತೆ. ಹೋಗೋದಿಲ್ಲ ಅಂತ ಇನ್ನೊಂದು ಸಲ ಅಂದ್ರೆ ನಾನು ಸುಮ್ಮನಿರಲ್ಲ" ಎಂದೆ. ಆಮೇಲೆ ಅವಳು ಲೇಸು ಎಳೆಯುವ ಸದ್ದು ಕೇಳಿಸಿತು. ಆ ಸದ್ದು ಕೇಳಿದ ಕೂಡಲೇ ನನ್ನ ತೋಳಿನಲ್ಲಿ ಪೆಟ್ಟಿಗೆ ಭಾರವಾಗತೊಡಗಿತು.

ಮೊದಲು ತುಂಬಿದ ಬಿಂದಿಗೆಯಷ್ಟು. ಅವಳು ಎದ್ದು ನಿಂತ ಸದ್ದಾಯಿತು, ಅಕ್ಕಿಮೂಟೆಯಷ್ಟಾಯಿತು. ಬೋರ್ಡಿಂಗ್ ಪಾಸನ್ನು ಮೇಜಿನಿಂದ ಎತ್ತಿಕೊಂಡಿರಬೇಕು, ನನ್ನ ಭುಜ ಕೆಳಗೆ ಜಗ್ಗಿ ಕಣ್ಣು ಕತ್ತಲೆ ಬಂತು. ಕಿಚ್ಚು ಎಲ್ಲಿಗೂ ಹೋಗಿರಲಿಲ್ಲ. ಅವಳು ಹೋಗುತ್ತಾಳೆ, ಆರು ತಿಂಗಳು ಜನ ಅವಳ ಬೆರಳು ನೋಡಿ ಬಾಯಿ ಬಿಡುತ್ತಾರೆ, ನಾನಿಲ್ಲಿ ತೋಳು ಕತ್ತರಿಸುತ್ತ ಕೂರುತ್ತೇನೆ ಎಂದು ಹೆಜ್ಜೆಹೆಜ್ಜೆಗೂ ಅನ್ನಿಸುತ್ತಿತ್ತು, ಅನ್ನಿಸಿದಂತೆಲ್ಲ ಪೆಟ್ಟಿಗೆ ಬೆಳೆಯುತ್ತಿತ್ತು. ಆದರೆ ನೆಲ ಬಿಟ್ಟು ಎದ್ದಾಗಿತ್ತು. ಮತ್ತೆ ಇಳಿಸುವುದೋ ಬಿಡುವುದೋ ನನ್ನ ಕೈಯಲ್ಲಿತ್ತು. ನಾನು ಇಳಿಸಲಿಲ್ಲ. ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಹಿಡಿಯನ್ನು ಹಿಡಿದು, ತುಂಬುಗರ್ಭಿಣಿಯ ಹಾಗೆ ಹಿಂದಕ್ಕೆ ವಾಲಿ ನಡೆದೆ.

ಜೋಸ್ಫಿನ್ ಬಾಯಿ ಓಡಿಬಂದಳು. ಇಳಿಯದೆ ಎತ್ತಬಾರದು, ನಡು ಮುರಿಯುತ್ತದೆ, ಕೆಳಗಿಡಿ ಎಂದಳು. ಅಷ್ಟು ವರ್ಷ ಆ ಕೋಣೆಯಲ್ಲಿದ್ದರೂ ಭಾರವಿರುವಾಗಲೇ ಹೊತ್ತವರನ್ನು ಆಕೆ ನೋಡಿರಲಿಲ್ಲವಂತೆ. ಎಲ್ಲರೂ ಹಗುರಾಗುವುದನ್ನೇ ಕಾಯುತ್ತಾರೆ. ನಾನು ಸಹಾಯಕ್ಕೆ ಬಂದ ಆಕೆಯ ಕೈಯನ್ನು ಮೊಣಕೈಯಿಂದ ದೂಡಿದೆ. ಬೇರೆಯವರು ಕೈ ಹಚ್ಚಿದರೆ ನಾನು ಕೊಟ್ಟ ಹಾಗಾಗುತ್ತಿರಲಿಲ್ಲ.

ಬಾಗಿಲ ಹೊಸ್ತಿಲಲ್ಲಿ ನಿಂತು ತಿರುಗಿದೆ. ಚಂಪಾ ನನ್ನೆದುರು ಬಂದು ನಿಂತಳು. ನನ್ನ ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಗುತ್ತಿತ್ತು, ತೋಳುಗಳು ಗಡಗಡ ನಡುಗುತ್ತಿದ್ದವು. ಅವಳು ಅದನ್ನು ನೋಡಿದಳು. ಕೈ ಚಾಚಲು ಹೆದರಿದವಳಂತೆ ನಿಂತು, ಸಣ್ಣ ದನಿಯಲ್ಲಿ ಕೇಳಿದಳು.

"ಇನ್ನೂ ಭಾರ ಇದೆಯಾ ಅಕ್ಕಾ?"

"ಇದೆ ಕಣೇ" ಎಂದೆ. "ತಗೋ. ಹೋಗ್ಬಾ."

ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಹಿಡಿ ಕೈಬಿಟ್ಟ ಮೇಲೂ ನನ್ನ ಬೆರಳುಗಳು ಬಿಚ್ಚಲು ಬಾರದೆ ಹಾಗೇ ಮಡಿಸಿಕೊಂಡು ನಿಂತವು. ಚಂಪಾ ಬಗ್ಗಿ ನನ್ನ ಕಾಲು ಮುಟ್ಟಿ, ಎದ್ದು, ಬಾಗಿಲು ದಾಟಿದಳು. ಅವಳ ಕೈಗೆ ಅದು ಬರೀ ನಾಲ್ಕು ಸೀರೆಯ ಪೆಟ್ಟಿಗೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎಡಗೈಗೆ ಬದಲಾಯಿಸಿಕೊಂಡು, ತೂಗಾಡಿಸುತ್ತ, ಹೊಸ ಬೂಟಿನಲ್ಲಿ ಟಕಟಕ ನಡೆದು ಹೋದಳು. ಎಷ್ಟು ಸುಲಭವಾಗಿ ಹಿಡಿದುಕೊಂಡು ಹೋಗುತ್ತಿದ್ದಾಳೆ ಎಂದು ನನಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು.